ಡಬ್ಬಿಯ ಮೇಲಿನ ಗುರುತು

ಗೋಕಾಕ
11 ಮಾರ್ಚ್ 2023

ಪ್ರೀತಿಯ ಅಕ್ಕನಿಗೆ ಶರಣು ಶರಣಾರ್ಥಿ.

ಈ ಡಬ್ಬಿಯನ್ನು ಮೂಡಲಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವಾಗ ಅವನು ಅಲುಗಾಡಿಸಿ ನೋಡಿ, "ಏನೈತ್ರಿ ಅಕ್ಕಾರ ಇದರಾಗ, ಕರದಂಟೇನು?" ಎಂದ. "ಕರದಂಟ ತಿನ್ನೂ ಹಂಗಿದ್ರ ಆಕಿ ಹೊಟ್ಟಿ ಯಾಕ ಕೊಯ್ಸಿಕೊಳ್ತಿದ್ಲೋ ಮಾರಾಯಾ" ಎಂದೆ. ಗೋಕಾಕದಿಂದ ಪೊಟ್ಟಣ ಹೊರಟಿತೆಂದರೆ ಅದು ಕರದಂಟೇ ಆಗಿರಬೇಕು ಎನ್ನುವುದು ಈ ಜನರ ನಂಬಿಕೆ. ಡಬ್ಬಿಯನ್ನು ಬಸ್ ಸ್ಟ್ಯಾಂಡಿನ ಮುರಿಗೆಪ್ಪ ಕಾಕಾನ ಕಿರಾಣಿ ಅಂಗಡಿಗೆ ಮುಟ್ಟಿಸುತ್ತಾನೆ. ನೀನು ಅಲ್ಲಿಂದ ತೆಗೆದುಕೋ.

ಡಾಕ್ಟರು ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ, ಬೈಯಬೇಡ. ನಿನ್ನ ಹೊಟ್ಟೆಯನ್ನು ಎಲೆ-ಅಡಿಕೆಯ ಸಂಚಿಯಷ್ಟು ಸಣ್ಣದು ಮಾಡಿ ಕರುಳನ್ನು ಬೇರೆ ಕಡೆ ಜೋಡಿಸಿದ್ದಾರೆ. ಇನ್ನು ನೀನು ತಿನ್ನುವುದೇ ಕಡಿಮೆ, ತಿಂದದ್ದರಲ್ಲಿ ಮೈಗೆ ಹತ್ತುವುದು ಇನ್ನೂ ಕಡಿಮೆ. ಜೀವನಸತ್ವ, ಕಬ್ಬಿಣ, ಸುಣ್ಣದ ಅಂಶ ಎಲ್ಲವೂ ಈ ಗುಳಿಗೆಯಿಂದಲೇ ಸಿಗಬೇಕು. ತೂಕ ಇಳಿಯಿತೆಂದು ಬಿಡುವಂತಿಲ್ಲ. ಜೀವ ಇರುವ ತನಕ ನುಂಗಬೇಕು. ಬಿಟ್ಟರೆ ನರಗಳು ಸಾಯುತ್ತವೆ, ಸತ್ತ ನರ ಮತ್ತೆ ಹುಟ್ಟುವುದಿಲ್ಲ. ದಿನವೂ ಮೆಡಿಕಲ್ ಅಂಗಡಿಯಲ್ಲಿ ನಿಂತು ಔಷಧಿ ಕೊಡುವವಳು ಹೇಳುತ್ತಿದ್ದೇನೆ, ನಂಬು.

ಭಾವ ಇನ್ನೂ ಸಿಟ್ಟಿನಲ್ಲೇ ಇದ್ದಾನೆಯೇ? "ದೇವ್ರು ಕೊಟ್ಟ ಹೊಟ್ಟಿ ಕೊಯ್ಸಿದಾಕಿ ನನ್ನ ಹೊಸ್ತಲಾ ತುಳೀಬಾರದು" ಎಂದು, ನಿನ್ನನ್ನು ಆಪರೇಷನ್ನಿಗೆ ಕರೆದೊಯ್ದ ನನಗೆ ಆಸ್ಪತ್ರೆಯ ಬಾಗಿಲಲ್ಲೇ ಅಂದವನು. ಬೇಡ, ತುಳಿಯುವುದಿಲ್ಲ. ಮನೆಯ ಫೋನು ಅವನ ಕಿಸೆಯಲ್ಲೇ ಇರುವುದರಿಂದ ಈ ಡಬ್ಬಿಯೇ ನಮ್ಮ ಫೋನು. ಪ್ರತಿ ಡಬ್ಬಿಯಲ್ಲೂ ಒಂದು ಪತ್ರ ಇಡುತ್ತೇನೆ. ನೀನೂ ಬರೆ.

ನಿನ್ನ ತಂಗಿ
ಶೋಭಾ


ಮೂಡಲಗಿ
20 ಏಪ್ರಿಲ್ 2023

ಚಿರಂಜೀವಿ ಶೋಭಾಳಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಿನ್ನೆ ಹೊಲಿಗೆ ಮಷೀನಿನ ಮುಂದೆ ಕೂತೆ. ಎಷ್ಟೋ ವರ್ಷಗಳ ಮೇಲೆ ಮಷೀನಿಗೂ ನನಗೂ ನಡುವೆ ನನ್ನ ಹೊಟ್ಟೆ ಅಡ್ಡ ಬರಲಿಲ್ಲ. ಎರಡೂ ಪಾದ ಪೆಡಲಿನ ಮೇಲಿಟ್ಟು ತುಳಿದೆ, ಮೊಣಕಾಲು ಚಕಾರ ಎತ್ತಲಿಲ್ಲ. ಓಣಿಯ ಮೂರು ಜಂಪರ ಸಂಜೆಯೊಳಗೆ ಮುಗಿದವು. ನಾಲ್ಕನೆಯದು ನಿನ್ನದು, ಇದರ ಜೊತೆ ಕಳಿಸಿದ್ದೇನೆ. ಪೂಜೆಗೆ ಈಗ ನೆಲದ ಮೇಲೆ ಕಾಲು ಮಡಚಿ ಕೂಡುತ್ತೇನೆ. ಇಷ್ಟು ದಿನ ಕುರ್ಚಿಯ ಮೇಲೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವಾಗ ದೇವರೆದುರು ನಾನೇ ಸಾವುಕಾರ್ತಿಯಂತೆ ಕೂತಿದ್ದೇನೆ ಎನ್ನಿಸುತ್ತಿತ್ತು.

ಊಟದ್ದೊಂದು ಪೇಚಾಗಿತ್ತು. ಉಂಡ ಕೂಡಲೇ ನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಾವೋ ಗಂಗಾಳ ತೊಳೆದು ಆ ನೀರು ಕುಡಿಯದೆ ಏಳುವವರಲ್ಲ, ಪ್ರಸಾದದ ಒಂದು ಅಗಳೂ ಕೆಡಬಾರದು. ಎರಡೂ ನಡೆಯಬೇಕಲ್ಲ? ನಾಲ್ಕು ತುತ್ತು ಉಂಡು, ಗಂಗಾಳ ಮುಂದಿಟ್ಟುಕೊಂಡು ಹಾಗೇ ಕೂತು ಜಂಪರಕ್ಕೆ ಹುಕ್ಕು ಹಚ್ಚುತ್ತೇನೆ. ಅರ್ಧ ತಾಸು ಆದ ಮೇಲೆ ತೊಳೆದು ಕುಡಿದು ಏಳುತ್ತೇನೆ. ನಿಮ್ಮ ಭಾವ ನೋಡಿ, "ಏನ, ಗಂಗಾಳ ಕಾಯಾಕ ಕುಂತಿಯೇನು?" ಎಂದರು. ಅವರು ನನ್ನ ಜೊತೆ ತಾವಾಗಿ ಮಾತಾಡಿದ್ದು ಆಪರೇಷನ್ ಆದ ಮೇಲೆ ಅದೇ ಮೊದಲು. ನಕ್ಕುಬಿಟ್ಟೆ.

ಗುಳಿಗೆ ತಪ್ಪಿಸಿಲ್ಲ. ಆದರೆ ಅದೇನು ಗುಳಿಗೆಯೋ, ಹುಣಸೆ ಬೀಜಕ್ಕಿಂತ ದೊಡ್ಡದು. ಗಂಟಲಲ್ಲಿ ನಿಂತು ಕಣ್ಣೀರು ತರಿಸುತ್ತದೆ. ಇರಲಿ, ಮಷೀನು ತುಳಿಯುವಾಗ ನಿನ್ನನ್ನು ನೆನೆಯುತ್ತೇನೆ.

ನಿನ್ನ ಅಕ್ಕ


ಗೋಕಾಕ
9 ಡಿಸೆಂಬರ್ 2023

ಪ್ರೀತಿಯ ಅಕ್ಕನಿಗೆ ಶರಣು.

ಗಂಟಲು, ಗಂಟಲು ಎಂದು ಪ್ರತಿ ಪತ್ರದಲ್ಲೂ ಅತ್ತೆಯಲ್ಲ, ತೆಗೆದುಕೋ, ನಿನ್ನ ಗಂಟಲಿಗೆ ಮದ್ದು ತಂದಿದ್ದೇನೆ. ಇವು ಗುಳಿಗೆಯಲ್ಲ, ಕ್ಯಾಪ್ಸೂಲು. ಮೆತ್ತಗೆ ಎಣ್ಣೆ ಹಚ್ಚಿದಂತೆ ಜಾರುತ್ತವೆ. ಹಳೆಯದರಲ್ಲಿ ಇದ್ದದ್ದೆಲ್ಲ ಇದರಲ್ಲೂ ಇದೆ, ಇನ್ನೂ ಜಾಸ್ತಿಯೇ ಇದೆ. ನಮ್ಮ ಅಂಗಡಿಗೆ ಹೊಸದಾಗಿ ಬಂದ ಮಾಲು. ಬಂದ ದಿನವೇ ನಿನಗೆಂದು ಎತ್ತಿಟ್ಟೆ.

ಜಂಪರ ಹೇಳಿ ಮಾಡಿಸಿದಂತೆ ಕೂತಿತು. ಬೆಲ್ಲದ ಬಾಗೇವಾಡಿಯಲ್ಲಿ ಮದುವೆಗೆ ಹಾಕಿಕೊಂಡು ಹೋಗಿದ್ದೆ. ತವರಿನ ಹೆಂಗಸರೆಲ್ಲ ನಿನ್ನನ್ನೇ ಕೇಳಿದರು. "ದಾಕ್ಷಾಯಿಣಿ ಅರ್ಧ ಆಗ್ಯಾಳಂತಲ್ಲ, ಖರೇನ?" ಎಂದು ಒಬ್ಬಳು. "ಖರೆ, ಉಳಿದರ್ಧ ನಿನಗ ಬಂದಂಗ ಕಾಣ್ತೈತಿ" ಎಂದೆ. ಬೈಸಿಕೊಂಡೆ.

ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಮರೆಯಬೇಡ.

ನಿನ್ನ ತಂಗಿ
ಶೋಭಾ


ಮೂಡಲಗಿ
17 ಫೆಬ್ರುವರಿ 2024

ಚಿರಂಜೀವಿ ಶೋಭಾಳಿಗೆ ಅಕ್ಕನ ಆಶೀರ್ವಾದಗಳು.

ಕ್ಯಾಪ್ಸೂಲು ನೀನು ಹೇಳಿದ ಹಾಗೇ ಜಾರುತ್ತವೆ. ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ತೆಗೆದುಕೊಳ್ಳುತ್ತಿದ್ದೆ. ತ್ರಾಸವೇನೂ ಇರಲಿಲ್ಲ.

ನಮ್ಮ ಬಾಜೂ ಮನೆಗೆ ಒಂದು ಕುರಿಗಾರರ ಸಂಸಾರ ಬಂದಿದೆ. ಸೊಸೆಯ ಹೆಸರು ಹಣಮವ್ವ, ಘೋಡಗೇರಿ ಕಡೆಯವಳು. ಹಡೆದು ತಿಂಗಳಾಗಿಲ್ಲ, ಮೈಯಲ್ಲಿ ರಕ್ತವೇ ಇಲ್ಲದವಳಂತೆ ಬೆಳ್ಳಗಾಗಿದ್ದಾಳೆ. ತಲೆ ಬಾಚಿದರೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತದೆ. ಪಾಪ ಎನ್ನಿಸುತ್ತದೆ.

ಶೋಭಾ, ಒಂದು ಮಾತು ಕೇಳುವುದಿತ್ತು. ಈ ಹೊಸ ಡಬ್ಬಿಯ ಮೂಲೆಯಲ್ಲಿ ಸಣ್ಣ ಚೌಕದೊಳಗೆ ಕೆಂಪು ಗುರುತು ಇದೆ. ಹಳೆಯ ಡಬ್ಬಿ ತೆಗೆದು ನೋಡಿದೆ, ಅದರ ಮೇಲೆ ಹಸಿರು ಇತ್ತು, ಬಿಸ್ಕಿಟ್ ಪುಡಿಕೆಯ ಮೇಲೆ ಇರುತ್ತದಲ್ಲ, ಅಂಥದು. ಏನು ಫರಕು? ದಿನವೂ ಔಷಧಿ ಮುಟ್ಟುವವಳು ನೀನು, ನಿನಗೆ ತಿಳಿದಿರುತ್ತದೆ. ನೀನು ಹೇಳಿದ ಹಾಗೆ ಕೇಳುತ್ತೇನೆ.

ನಿನ್ನ ಅಕ್ಕ


ಗೋಕಾಕ
2 ಮಾರ್ಚ್ 2024

ಅಕ್ಕಾ,

ಅವಸರದಲ್ಲಿದ್ದೇನೆ, ಅಂಗಡಿಯಲ್ಲಿ ಗಿರಾಕಿಗಳು ಮುಗಿಬಿದ್ದಿದ್ದಾರೆ, ಕಂಡಕ್ಟರ ಸೀಟಿ ಊದುತ್ತಿದ್ದಾನೆ. ಗುರುತು-ಗಿರುತು ಎಂದು ತಲೆ ಕೆಡಿಸಿಕೊಳ್ಳಬೇಡ. ಕಂಪನಿಯವರು ಒಬ್ಬೊಬ್ಬರು ಒಂದೊಂದು ಬಣ್ಣ ಬಳಿಯುತ್ತಾರೆ. ಕಣ್ಣು ಮುಚ್ಚಿಕೊಂಡು ನುಂಗು.

ಶೋಭಾ


ಮೂಡಲಗಿ
28 ಮೇ 2024

ಶೋಭಾಳಿಗೆ ಆಶೀರ್ವಾದ.

ಡಬ್ಬಿಗಳು ಬಂದವು. ನೀನು ಹೇಳಿದ ಮೇಲೆ ಮುಗಿಯಿತು, ಇನ್ನು ಕೇಳುವುದೇನಿದೆ.

ನಾನು ಆರಾಮ ಇದ್ದೇನೆ. ದಿನವೂ ನುಗ್ಗೆಸೊಪ್ಪು, ಹುರುಳಿಕಟ್ಟು, ಹಾಲು ತೆಗೆದುಕೊಳ್ಳುತ್ತೇನೆ. ಹಣಮವ್ವ ಈಗ ಗಟ್ಟಿಯಾಗಿದ್ದಾಳೆ, ಕೂದಲು ಮತ್ತೆ ಬರುತ್ತಿದೆ. ಡಬ್ಬಿ ಕಳಿಸುವುದನ್ನು ನಿಲ್ಲಿಸಬೇಡ.

ನಿನ್ನ ಜಂಪರ ಹೊಲಿದು ಕಳಿಸಿದ್ದೇನೆ.

ದಾಕ್ಷಾಯಿಣಿ


ಗೋಕಾಕ
14 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕನಿಗೆ ಶರಣು.

ನಿನಗೆ ಏನಾಗಿದೆ? ಪತ್ರ ನೋಡಿದರೆ ಮುರಿಗೆಪ್ಪ ಕಾಕಾನ ಚೀಟಿಯಂತೆ ನಾಲ್ಕು ಸಾಲು. ಕೆಳಗೆ ನೋಡಿದರೆ "ದಾಕ್ಷಾಯಿಣಿ" ಎಂದು ಸಹಿ, ಬ್ಯಾಂಕಿನವರಿಗೆ ಹಾಕಿದಂತೆ. ನಾನೇನಾದರೂ ಅಂದೆನೆ? ಅಂದಿದ್ದರೆ ಬೈದುಬಿಡು, ಬೈದರೆ ನನಗೆ ಹಗುರಾಗುತ್ತದೆ.

ಆ ಜಂಪರದ ತೋಳಿನ ಹೊಲಿಗೆ ನೋಡಿದೆಯಾ? ಕುಡಿದವನು ಮನೆಗೆ ಹೋದ ಹಾಗೆ ಅಲ್ಲೊಂದು ಇಲ್ಲೊಂದು. ನನ್ನ ಅಕ್ಕ ಗೆರೆ ಹೊಡೆದಂತೆ ಹೊಲಿಯುತ್ತಾಳೆ ಎಂದು ಊರೆಲ್ಲ ಸಾರಿಕೊಂಡು ಬಂದವಳು ನಾನು! ಚಸ್ಮಾ ಹಾಕಿಸಿಕೋ ಮಾರಾಯ್ತಿ, ಭಾವನಿಗೆ ಹೇಳು. ಹಾಗೇ ಬೆಳಗಾವಿಗೆ ಹೋಗಿ ರಕ್ತವನ್ನೂ ತೋರಿಸಿಕೊಂಡು ಬಾ. ಎಷ್ಟು ಸಲ ಹೇಳಬೇಕು?

ನಿನ್ನ ತಂಗಿ
ಶೋಭಾ


ಮೂಡಲಗಿ
23 ನವೆಂಬರ್ 2024

ಶೋಭಾಳಿಗೆ ಆಶೀರ್ವಾದ.

ಹೊಲಿಗೆ ಸೊಟ್ಟಗಾದದ್ದು ನನಗೂ ಗೊತ್ತಿತ್ತು. ಬಿಚ್ಚಿ ಹೊಲಿದೆ, ಮತ್ತೆ ಹಾಗೇ ಆಯಿತು. ಕಣ್ಣಿನದಲ್ಲ. ಪೆಡಲಿನ ಮೇಲೆ ಪಾದ ಇದೆಯೋ ಇಲ್ಲವೋ ಬಗ್ಗಿ ನೋಡಿದರೇ ತಿಳಿಯುತ್ತದೆ. ಅಂಗಾಲಿಗೆ ಹತ್ತಿ ಸುತ್ತಿದ ಹಾಗಿದೆ. ಮೊನ್ನೆ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದ ಮೇಲೆ ಹಣಮವ್ವ, "ಅಕ್ಕಾರ, ನಿಮ್ಮ ಒಂದ ಚಪ್ಪಲಿ ಎಲ್ಲೈತ್ರಿ?" ಎಂದಳು. ದಾರಿಯಲ್ಲಿ ಕಳಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಪಾಪ, ಅವಳೇ ಹೋಗಿ ಹುಡುಕಿ ತಂದಳು.

ಚಳಿಗಾಲ, ವಾಯು ಇರಬೇಕು. ಎಳ್ಳೆಣ್ಣೆ ತಿಕ್ಕುತ್ತಿದ್ದೇನೆ. ಬೆಳಗಾವಿಗೆ ಈಗ ಹೋಗಲಾಗುವುದಿಲ್ಲ, ಕಬ್ಬು ಕಟಾವಿಗೆ ಬಂದಿದೆ, ನಿಮ್ಮ ಭಾವ ಹೊಲ ಬಿಟ್ಟು ಬರುವುದಿಲ್ಲ. ಹಂಗಾಮು ಮುಗಿಯಲಿ.

ಅವರಿಗೆ ಕಾಲಿನ ವಿಷಯ ಹೇಳಿಲ್ಲ. ಹೇಳಿದರೆ ಏನನ್ನುತ್ತಾರೆ ಎಂದು ನಿನಗೇ ಗೊತ್ತು.

ದಾಕ್ಷಾಯಿಣಿ


ಗೋಕಾಕ
19 ಜನವರಿ 2025

ಅಕ್ಕಾ,

ಈ ಪತ್ರವನ್ನು ನಿನ್ನ ಕೈಗೆ ಕೊಡುವವಳು ಹಣಮವ್ವ. ಘೋಡಗೇರಿಯಿಂದ ಮೂಡಲಗಿಗೆ ಮರಳುವಾಗ ನಮ್ಮ ಅಂಗಡಿ ಹುಡುಕಿಕೊಂಡು ಬಂದಳು. ಖಾಲಿ ಡಬ್ಬಿಯೊಂದನ್ನು ಕಟ್ಟೆಯ ಮೇಲಿಟ್ಟು, "ಇಂಥಾದ್ದ ಒಂದ ಕೊಡ್ರಿ. ಇಷ್ಟು ದಿನ ದಾಕ್ಷಾಯಿಣಕ್ಕಾರ ಕೊಡತಿದ್ರು. ಈಗ ಅವರಿಗೆ ಬಸ್ ಸ್ಟ್ಯಾಂಡಿನ ಕಿರಾಣಿ ಅಂಗಡಿ ತನಕ ನಡದ ಹೋಗಿ ತರಾಕ ಆಗವಲ್ದು, ಗ್ವಾಡಿ ಹಿಡದ ಅಡ್ಡಾಡತಾರ" ಎಂದಳು. ನನ್ನ ಕೈಯಿಂದ ಡಬ್ಬಿಗೆ ಬರೆದ ನಿನ್ನ ಹೆಸರು ಹಾಗೇ ಇತ್ತು.

"ನಿಮಗ್ಯಾಕ ಕೊಟ್ಲು?" ಎಂದೆ.

"ಇದರ ಮ್ಯಾಲ ಕೆಂಪ ಗುರ್ತ ಐತೆಲ್ರಿ. ನಾವು ಕುರಿ ಕಾಯೋ ಮಂದಿ, ತಿಂತೀವಿ, ನಮಗ ನಡೀತೈತಿ. ಅವರು ಲಿಂಗ ಕಟ್ಟಿದವ್ರು, ಅವರಿಗೆ ಹ್ಯಾಂಗ ನಡೀಬೇಕ್ರಿ? ಚೆಲ್ಲಬಾರದು ಅಂತ ನನಗ ಕೊಟ್ರು."

ಅಕ್ಕಾ, ಅವಳ ಎದುರಿಗೇ ಡಬ್ಬಿ ತಿರುಗಿಸಿ ನೋಡಿದೆ. ಆ ಗುರುತನ್ನು ನಾನು ನೋಡಿದ್ದು ಅದೇ ಮೊದಲು. ನಿನ್ನ ಆಣೆ, ಅವ್ವನ ಆಣೆ. ಔಷಧಿಗಳ ಮೇಲೆ ಆ ಗುರುತು ಇರುವುದಿಲ್ಲ. ಇವನ್ನು ಸರಕಾರ ಆಹಾರ ಎನ್ನುತ್ತದೆ, ಅದಕ್ಕೇ ಇವುಗಳ ಮೇಲೆ ಇದೆ. ಕ್ಯಾಪ್ಸೂಲಿನ ಮೆತ್ತನೆಯ ಸಿಪ್ಪೆಯನ್ನು ಪ್ರಾಣಿಗಳ ಎಲುಬು, ಚರ್ಮ ಕುದಿಸಿ ಮಾಡುತ್ತಾರೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ನಿನಗೆ ಕಳಿಸುವಾಗ ನೆನಪಿಗೆ ಬರಲಿಲ್ಲ. ನೀನು ಕೇಳಿದ ಪತ್ರವನ್ನು ಗಿರಾಕಿಗಳ ನಡುವೆ ನಿಂತು ಅರ್ಧ ಓದಿದೆ. ನಾನು ಸುಳ್ಳು ಹೇಳಲಿಲ್ಲ. ನೋಡದೇ ಹೇಳಿದೆ.

ಹಸಿರು ಗುರುತಿನ ಡಬ್ಬಿ ಅದೇ ಕಪಾಟಿನಲ್ಲಿದೆ, ಅದರ ಮೇಲಿನ ಸಾಲಿನಲ್ಲಿ. ಗುಳಿಗೆಯೇ ಬೇಡ ಎಂದರೆ ಇಂಜೆಕ್ಷನ್ ಇದೆ, ತಿಂಗಳಿಗೆ ಒಂದು ಚುಚ್ಚಿಸಿಕೊಂಡರೆ ನಡೆಯುತ್ತಿತ್ತು. ನೀನು "ಒಲ್ಲೆ" ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತಲ್ಲ, ಅಕ್ಕಾ. ಯಾಕೆ ಹೇಳಲಿಲ್ಲ?

ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಭಾವ ಹೊಸ್ತಿಲಲ್ಲಿ ಅಡ್ಡ ಮಲಗಿದರೂ ದಾಟಿ ಬರುತ್ತೇನೆ. ನೀನು ಬಟ್ಟೆ ಕಟ್ಟಿಕೊಂಡು ತಯಾರಿರು, ನೇರ ಬೆಳಗಾವಿಗೆ ಹೋಗುವುದು.

ಶೋಭಾ


ಮೂಡಲಗಿ
4 ಮೇ 2025

ಚಿರಂಜೀವಿ ಶೋಭಾಳಿಗೆ ಅಕ್ಕನ ಆಶೀರ್ವಾದಗಳು.

ಅಕ್ಷರ ನೋಡಿ ಹೆದರಬೇಡ. ಪೆನ್ನು ಹಿಡಿದದ್ದು ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣಿನಿಂದ ನೋಡಿಕೊಂಡು ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಅರ್ಧ ದಿನ ಬೇಕು. ಹಗಲೆಲ್ಲ ಬೇರೆ ಕೆಲಸವೂ ಇಲ್ಲ.

ಇಂಜೆಕ್ಷನ್ ನಡೆದಿವೆ. ನರ್ಸಮ್ಮ ಮನೆಗೇ ಬಂದು ಚುಚ್ಚಿ ಹೋಗುತ್ತಾಳೆ. ಡಾಕ್ಟರು ನಿನಗೆ ಹೊರಗೆ ಕರೆದು ಹೇಳಿದ್ದು ನನಗೂ ಕೇಳಿಸಿತ್ತು, ಕಿವಿಗೇನೂ ಆಗಿಲ್ಲ. ಕೈ ಸ್ವಲ್ಪ ಸ್ವಲ್ಪ ಬರಬಹುದು, ಕಾಲಿನದು ತಡವಾಯಿತು. ಮಷೀನನ್ನು ಹಣಮವ್ವನ ಮನೆಗೆ ಎತ್ತಿಸಿದೆ. ಆಕೆ ತುಳಿಯುವ ಸಪ್ಪಳ ಗೋಡೆಯಾಚೆಯಿಂದ ಬರುತ್ತದೆ. ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಎಲ್ಲಿ ತಪ್ಪುತ್ತಾಳೆ ಎಂದು ಇಲ್ಲಿಂದಲೇ ಕೂಗಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ನನ್ನ ಕಾಲು ಹಿಡಿದುಕೊಂಡು, "ಯಾಕ ಹೇಳಲಿಲ್ಲಕ್ಕಾ" ಎಂದು ಮತ್ತೆ ಮತ್ತೆ ಕೇಳಿದೆ. ನಾನು ಗೋಡೆಯ ಕಡೆ ಹೊರಳಿಕೊಂಡೆ. ನೀನು ಕಾಲು ಹಿಡಿದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ, ನೋಡಿಯೇ ತಿಳಿಯಬೇಕಾಗಿತ್ತು. ಅದನ್ನು ನೋಡಲಾಗಲಿಲ್ಲ. ಈಗ ಉತ್ತರ ಬರೆಯುತ್ತೇನೆ.

ನಾನು ಕೇಳಿದ್ದೆ, ಶೋಭಾ.

ನಿನ್ನನ್ನು ಕೇಳುವ ಮೊದಲು ಮುರಿಗೆಪ್ಪ ಕಾಕಾನನ್ನು ಕೇಳಿದ್ದೆ, ಬಿಸ್ಕಿಟ್ ಪುಡಿಕೆ ತೋರಿಸಿ, ಡಬ್ಬಿ ತೋರಿಸದೆ. "ಹಸರ ಇದ್ರ ನಮ್ಮಂಥವ್ರಿಗೆ, ಕೆಂಪ ಇದ್ರ ಮಾಂಸಾ ತಿನ್ನಾವ್ರಿಗೆ" ಎಂದ. ಆ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆ ಯಾವ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡುತ್ತಿದ್ದೆನೋ ಅದೇ ಅಂಗೈಯಲ್ಲಿ ಅದನ್ನೂ ಇಟ್ಟುಕೊಂಡು ಬಾಯಿಗೆ ಹಾಕಿಕೊಂಡಿದ್ದೆ, ಅಷ್ಟು ದಿನ. ಆದರೂ ನಿನಗೆ ಗೊತ್ತಿಲ್ಲದೆ ಆಗಿರಬೇಕು ಎಂದುಕೊಂಡೆ. ಕೇಳಿದರೆ "ಅಯ್ಯೋ ತಪ್ಪಾಯ್ತು, ಬಿಡು" ಎನ್ನುತ್ತೀ ಎಂದುಕೊಂಡೆ. ನೀನು ಕಣ್ಣು ಮುಚ್ಚಿಕೊಂಡು ನುಂಗು ಎಂದೆ. ಆಗ ನಿನಗೆ ಎಲ್ಲ ಗೊತ್ತಿದ್ದೇ ಕಳಿಸಿದ್ದೀ, ನನ್ನ ಒಳ್ಳೆಯದಕ್ಕೆಂದೇ ಸುಳ್ಳು ಹೇಳುತ್ತಿದ್ದೀ ಎಂದು ನನಗೆ ಖಾತ್ರಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗಾಯಿತು.

ಜಗಳ ಮಾಡಬಹುದಿತ್ತು. ಆದರೆ ಜಗಳ ಮಾಡಿದರೆ ನಿಮ್ಮ ಭಾವನ ಕಿವಿಗೆ ಬೀಳುತ್ತಿತ್ತು. "ನಾ ಅಂದಿದ್ದಿಲ್ಲೇನು, ನಿನ್ನ ತಂಗಿ ನಿನ್ನ ಹೊಟ್ಟಿನೂ ಕೆಡಿಸಿದ್ಲು, ಜಾತಿನೂ ಕೆಡಿಸಿದ್ಲು" ಎನ್ನುತ್ತಿದ್ದರು. ಆಮೇಲೆ ಈ ಡಬ್ಬಿಯೂ ಬರುತ್ತಿರಲಿಲ್ಲ, ನಿನ್ನ ಪತ್ರವೂ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದೆ. ಡಬ್ಬಿ ಹಣಮವ್ವನಿಗೆ ಕೊಟ್ಟೆ, ಪತ್ರ ನಾನು ಇಟ್ಟುಕೊಂಡೆ. ನುಗ್ಗೆಸೊಪ್ಪು ತಿಂದರೆ ನಡೆಯುತ್ತದೆ ಎಂದುಕೊಂಡಿದ್ದೆ. ಹಸಿರು ಗುರುತಿನದು ಅದೇ ಕಪಾಟಿನಲ್ಲಿ ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಇದ್ದಿದ್ದರೆ ನೀನು ಅದನ್ನೇ ಕಳಿಸುತ್ತಿರಲಿಲ್ಲವೇ ಎಂದುಕೊಂಡೆ.

ಭಾವನಿಗೆ ಈಗಲೂ ಆಪರೇಷನ್ನಿನಿಂದಲೇ ಹೀಗಾಯಿತು ಎಂದೇ ಗೊತ್ತಿದೆ. ನಾನು ತಿದ್ದಿಲ್ಲ. ನೀನೂ ತಿದ್ದಬೇಡ. ನೀನು ಬಂದ ದಿನ ಬಾಗಿಲಲ್ಲಿ ನಿಂತು, "ಬಂದಿಯಲ್ಲ, ಒಳಗ ಬಾ" ಎಂದರಲ್ಲ, ಅದೇ ಅವರಿಂದ ಆಗುವಷ್ಟು. ಈಗ ಗಂಗಾಳ ಅವರೇ ತೊಳೆದು ನನ್ನ ಬಾಯಿಗೆ ಹಿಡಿಯುತ್ತಾರೆ. ಅರ್ಧ ತಾಸು ಕಾಯುವುದನ್ನೂ ಮರೆಯುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದೇ ಕೂತೆ. ಬರೆದರೆ ಸುಳ್ಳಾಗುತ್ತದೆ. ಒಂದು ವರ್ಷ ನೀನು ಮೋಸ ಮಾಡಿದ್ದೀ ಎಂದುಕೊಂಡು ಬದುಕಿದೆ. ಮೋಸವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬರೀ ನೋಡಲಿಲ್ಲ ಎಂದೆಯಲ್ಲ, ಅದನ್ನು ಹೇಗೆ ನುಂಗಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ. ನೀನು ಅಳುತ್ತೀ, ಗೊತ್ತು. ನಾನೂ ಅತ್ತಿದ್ದೇನೆ. ಆ ಸೊಟ್ಟ ಹೊಲಿಗೆಯ ಜಂಪರವನ್ನೇ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದೆಯಲ್ಲ, ಅದನ್ನು ನೋಡಿದೆ.

ಮೊನ್ನೆಯಿಂದ ಪೂಜೆ ಮತ್ತೆ ಶುರು ಮಾಡಿದ್ದೇನೆ. ಇವರು ಎತ್ತಿ ಕೂಡಿಸುತ್ತಾರೆ, ಕುರ್ಚಿಯ ಮೇಲೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಅದರ ಭಾರ ತಿಳಿಯಲಿಲ್ಲ, ತಂಪೂ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಕೈಯಲ್ಲಿ ಏನೂ ಇಲ್ಲ. ಅದಕ್ಕೆ ಈಗ ಕಣ್ಣು ತೆರೆದೇ ಪೂಜೆ ಮಾಡುತ್ತೇನೆ.

ಮುಂದಿನ ಬಸ್ಸಿಗೆ ಹಣಮವ್ವನಿಗೆ ಆ ಕೆಂಪು ಗುರುತಿನ ಡಬ್ಬಿ ಕಳಿಸು, ಅವಳಿಗೆ ಒಗ್ಗಿದೆ. ನನಗೆ ಹಸಿರಿನದು, ಗಂಟಲಿಗೆ ಹತ್ತುವಂಥದೇ ಆದರೂ ಅಡ್ಡಿಯಿಲ್ಲ. ಬೇರೆ ಯಾರ ಕೈಯಿಂದಲೂ ಕಟ್ಟಿಸಬೇಡ. ನೀನೇ ನೋಡಿ ಕಳಿಸು.

ನಿನ್ನ ಅಕ್ಕ